ಕೊರಗಪ್ಪ ಯಾನೆ ಕೇಶವ

ಉಡುಪಿಯ ಕೋರ್ಟಿನ ಹತ್ತಿರ ಒಂದು ಸಣ್ಣ ಟೈಪಿಂಗ್ ಅಂಗಡಿ. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮೆಷಿನ್, ತಿರುಗಿದರೂ ಗಾಳಿ ಬಾರದ ಒಂದು ಫ್ಯಾನ್. ಕಳೆದ ಮಾರ್ಚ್ ತಿಂಗಳಲ್ಲಿ ಅಲ್ಲಿ ಕೂತು, ನನ್ನ ಅಜ್ಜ ಇಬ್ಬರಲ್ಲ, ಒಬ್ಬರೇ ಅಂತ ಪ್ರಮಾಣ ಮಾಡಿದೆ.

ಸಂಗತಿ ಇಷ್ಟೇ. ಶಿರ್ವದ ಹತ್ತಿರ ಅಜ್ಜನ ಹೆಸರಿನಲ್ಲಿ 62 ಸೆಂಟ್ಸ್ ಜಾಗ ಉಂಟು. ಪಹಣಿಯಲ್ಲಿ ಹೆಸರು ಕೊರಗಪ್ಪ. ಅಜ್ಜ ತೀರಿಕೊಂಡದ್ದು 2003ರಲ್ಲಿ. ಮರಣ ಪ್ರಮಾಣಪತ್ರದಲ್ಲಿ ಹೆಸರು ಕೇಶವ. ಅಪ್ಪ ಇಪ್ಪತ್ತು ವರ್ಷ ‘ನೋಡುವ, ನೋಡುವ’ ಅಂತ ಮುಂದೆ ಹಾಕಿದ ಪೌತಿ ಖಾತೆಯ ಕೆಲಸ, ಅಂದರೆ ಸತ್ತವರ ಜಾಗವನ್ನು ವಾರಸುದಾರರ ಹೆಸರಿಗೆ ಮಾಡಿಸುವುದು, ಕೊನೆಗೆ ನನ್ನ ತಲೆಗೆ ಬಂತು. ಆಫೀಸಿನಲ್ಲಿ ಕಾಗದ ತಿರುವಿ ನೋಡಿದವರು ಹೇಳಿದರು, ‘ಜಾಗ ಇರುವುದು ಕೊರಗಪ್ಪನದ್ದು. ಸತ್ತದ್ದು ಕೇಶವ. ನೀವು ಕೇಶವನ ಮೊಮ್ಮಗ. ನಿಮಗೂ ಈ ಜಾಗಕ್ಕೂ ಎಂತ ಸಂಬಂಧ?’ ತರ್ಕದಲ್ಲಿ ತಪ್ಪಿಲ್ಲ, ಅಲ್ವಾ? ಹಾಗಾಗಿ ಅಫಿದವಿತ್.

ಟೈಪ್ ಮಾಡುತ್ತಿದ್ದ ಅಕ್ಕ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ‘ಕೊರಗಪ್ಪ ಅಂದ್ರೆ... ನೀವು ಎಸ್‌ಟಿಯಾ?’

‘ಅಲ್ಲ.’ ಕೊರಗರು ಅಂದರೆ ನಮ್ಮ ಕರಾವಳಿಯ ಒಂದು ಪರಿಶಿಷ್ಟ ಪಂಗಡ.

‘ಹಾಗಾದ್ರೆ ಮೊದಲಿನ ಮಕ್ಕಳು ಉಳಿದಿರ್ಲಿಲ್ವಾ?’

ನಾನು ಹೌದು ಅಂದೆ. ಅವರು ಸುಮ್ನೆ ತಲೆ ಆಡಿಸಿ ಟೈಪ್ ಮಾಡಿದರು. ಒಂದು ಸಾಲು ಮುಗಿದ ಮೇಲೆ, ಸ್ಕ್ರೀನ್ ನೋಡುತ್ತಲೇ, ಮೆಲ್ಲಗೆ ಹೇಳಿದರು. ‘ನನ್ನ ಅಮ್ಮನ ಅಜ್ಜಿ ಕೊರಪೊಳು. ಮನೆಯಲ್ಲಿ ಯಾರೂ ಹೇಳುವುದಿಲ್ಲ.’ ಕೊರಪೊಳು ಅಂದರೆ ಕೊರಗರ ಹೆಂಗಸು. ಕೊರಗಪ್ಪನ ಹಾಗೆಯೇ ಇಡುತ್ತಿದ್ದ ಹೆಣ್ಣು ಹೆಸರು.

ಪ್ರಿಂಟ್ ಬಂತು. ‘ಕೊರಗಪ್ಪ ಯಾನೆ ಕೇಶವ ಎಂಬ ಹೆಸರುಗಳು ಒಬ್ಬನೇ ವ್ಯಕ್ತಿಗೆ ಸಂಬಂಧಿಸಿದ್ದು...’ ಈ ಯಾನೆ ಅನ್ನುವ ಮಾತು ನಮ್ಮ ಕಡೆಯ ಕಾಗದಪತ್ರಗಳಲ್ಲಿ ಈಗಲೂ ಗಟ್ಟಿಯಾಗಿ ಕೂತಿದೆ. ಅರಬಿಯಿಂದ ಬಂದದ್ದು. ‘ಅಂದರೆ’ ಅಂತ ಅರ್ಥ. ಪೇಪರಿನ ಪೊಲೀಸ್ ಸುದ್ದಿ ಓದಿ ಓದಿ, ಯಾನೆ ಅಂದ ಕೂಡಲೇ ಯಾರೋ ಬೈಕ್ ಕಳ್ಳ ಅನ್ನಿಸುತ್ತದೆ ನನಗೆ. ನನ್ನ ಅಜ್ಜನೂ ಈಗ ಆ ಸಾಲಿಗೆ ಸೇರಿದರು.

ಕೊರಗಪ್ಪ ಅನ್ನುವ ಹೆಸರು ಅಜ್ಜನಿಗೆ ಹೇಗೆ ಬಂತು ಅನ್ನುವುದನ್ನು ನಾನು ಮಾಮಿಯ ಬಾಯಲ್ಲಿ ಕೇಳಿದ್ದು. ಅಪ್ಪನ ಅಕ್ಕ. ಎಪ್ಪತ್ತು ದಾಟಿದೆ. ಕಥೆ ಹೇಳುವಾಗ ಮಧ್ಯೆ ಎಲೆ ಅಡಿಕೆ ಹಾಕುವುದು ತಪ್ಪುವುದಿಲ್ಲ. ಅವರಿಗೆ ಹೇಳಿದ್ದು ಅವರ ಅಜ್ಜಿ, ಅಂದರೆ ನನ್ನ ಪಿಜ್ಜಿ.

ಪಿಜ್ಜಿಗೆ ಮೊದಲು ಮೂರು ಮಕ್ಕಳಾದವಂತೆ. ಒಂದು ಹುಟ್ಟಿದ ದಿನವೇ ಹೋಯಿತು. ಒಂದು ಹತ್ತು ದಿನಕ್ಕೆ. ಮೂರನೆಯದು ಹೆಣ್ಣು, ನಗುವುದಕ್ಕೆ ಶುರು ಮಾಡಿತ್ತು, ಆಟಿ ತಿಂಗಳ ಮಳೆಯಲ್ಲಿ ಜ್ವರ ಬಂದು ಹೋಯಿತು. ನಾಲ್ಕನೆಯದು ಅಜ್ಜ. 1929ರ ಸುಮಾರಿಗೆ. ಹುಟ್ಟಿದಾಗ ಅಂಗೈಯಷ್ಟೇ ಇದ್ದ, ಅಳುವ ಶಬ್ದವೂ ಇರಲಿಲ್ಲ ಅಂತ ಮಾಮಿ ಹೇಳುತ್ತಾರೆ. ಅಂಗೈ ತೋರಿಸಿಯೇ ಹೇಳುತ್ತಾರೆ, ಅವರೇ ನೋಡಿದವರ ಹಾಗೆ.

ಆಗ ಊರಿನ ಹಿರಿಯರೊಬ್ಬರು ಹೇಳಿದರಂತೆ, ಮಗುವನ್ನು ಕೊರಗರಿಗೆ ಕೊಡಿ ಅಂತ. ಗುಡ್ಡೆಯ ಬದಿಯಲ್ಲಿ ಕೊರಗರ ಕೊಪ್ಪ ಇತ್ತು. ಕೊಪ್ಪ ಅಂದರೆ ಸೋಗೆಯ ನಾಲ್ಕೈದು ಗುಡಿಸಲು. ಅಲ್ಲಿಂದ ಒಬ್ಬ ಹೆಂಗಸನ್ನು ಕರೆಸಿದರು. ಅವಳು ಅಂಗಳದ ಆಚೆಗೆ ನಿಂತಳು. ಒಳಗೆ ಬರುವ ಕ್ರಮ ಇರಲಿಲ್ಲ. ಮಗುವನ್ನು ತಡ್ಪೆಯಲ್ಲಿ, ಅಂದರೆ ಅಕ್ಕಿ ಕೇರುವ ಗೆರಸೆಯಲ್ಲಿ ಮಲಗಿಸಿ ಅಂಗಳದ ಅಂಚಿನಲ್ಲಿ ಇಟ್ಟರು. ಪಿಜ್ಜಿ ಗಟ್ಟಿಯಾಗಿ ಹೇಳಬೇಕಿತ್ತು, ‘ಈ ಮಗು ನಮಗೆ ಬೇಡ, ನೀನೇ ತಕೊಂಡು ಹೋಗು.’ ಗಟ್ಟಿಯಾಗಿ ಯಾಕೆ ಅಂದರೆ, ಕೇಳಬೇಕಾದವರಿಗೆ ಕೇಳಬೇಕು. ಮಗುವಿಗಾಗಿ ಕಾಯುತ್ತಾ ಹಿತ್ತಿಲಲ್ಲಿ ಎಲ್ಲೋ ನಿಂತಿರುವ ಸಾವಿಗೆ.

ಹೆಂಗಸು ಮಗುವನ್ನು ಎತ್ತಿಕೊಂಡಳು. ಎಣ್ಣೆ ಹಚ್ಚಿದಳು. ಹಾಲು ಕೊಟ್ಟಳು, ಅವಳಿಗೂ ಒಂದು ಮೊಲೆ ಹಾಲಿನ ಮಗು ಇತ್ತು. ಕಾಲಿಗೆ ಒಂದು ಕಬ್ಬಿಣದ ಬಳೆ ಹಾಕಿದಳು. ‘ಕೊರಗ’ ಅಂತ ಮೂರು ಸಲ ಕರೆದಳು. ಪುದರ್ ಆಯಿತು. ತುಳುವಿನಲ್ಲಿ ಹೆಸರಿಗೆ ಪುದರ್ ಅನ್ನುತ್ತೇವೆ. ಹಳಗನ್ನಡದ ಪೆಸರ್ ಉಂಟಲ್ಲ, ಅದರ ಅಣ್ಣನೋ ತಮ್ಮನೋ ಇದು. ಮತ್ತೆ ಅವಳಿಂದ ಮಗುವನ್ನು ವಾಪಸು ಕೊಂಡುಕೊಂಡರು. ಒಂದು ಸೇರು ಅಕ್ಕಿ, ಒಂದು ತೆಂಗಿನಕಾಯಿ, ಒಂದು ತುಂಡು ಬಟ್ಟೆ. ಈಗ ಇದು ನಮ್ಮ ಮಗು ಅಲ್ಲ, ಕೊರಗರ ಮಗು, ನಾವು ಸಾಕುವುದು ಮಾತ್ರ. ಹಾಗಂತ ಲೆಕ್ಕ.

ಮಗು ಬದುಕಿತು. 74 ವರ್ಷ ಬದುಕಿತು.

ಇಷ್ಟು ಹೇಳಿ ಮಾಮಿ ಯಾವಾಗಲೂ ನಿಲ್ಲಿಸುತ್ತಿದ್ದರು. ಈ ಸಲ ಅಫಿದವಿತ್ ತೋರಿಸಲಿಕ್ಕೆ ಹೋದಾಗ ನಾನು ಸುಮ್ನೆ ಕೇಳಿದೆ, ‘ವಾಪಸು ತಕೊಂಡ ಮೇಲೆ ಎಂತ ಮಾಡಿದ್ರು?’ ಮಾಮಿ ಸ್ವಲ್ಪ ಹೊತ್ತು ಎಲೆಗೆ ಸುಣ್ಣ ಹಚ್ಚಿದರು. ಆಮೇಲೆ ಹೇಳಿದರು, ‘ನೀರು ಚಿಮುಕಿಸಿ ಒಳಗೆ ತಕೊಂಡ್ರು. ಮತ್ತೆಂತ?’

ಆ ಹೆಂಗಸು ಮುಟ್ಟಿದ್ದರಿಂದ ಮಗು ಉಳಿಯುತ್ತದೆ. ಆ ಹೆಂಗಸು ಮುಟ್ಟಿದ್ದಕ್ಕೆ ಮಗುವಿಗೆ ನೀರು ಚಿಮುಕಿಸಬೇಕು. ಎರಡೂ ಅದೇ ಅಂಗಳದಲ್ಲಿ, ಅದೇ ಬೆಳಿಗ್ಗೆ. ನಮ್ಮದು ದೊಡ್ಡ ಗುತ್ತಿನ ಮನೆಯೂ ಅಲ್ಲ, ಗೇಣಿ ಒಕ್ಕಲು. ನಮ್ಮ ಪಿಜ್ಜಿಯೇ ಧಣಿಗಳ ಅಂಗಳದಲ್ಲಿ ದೂರ ನಿಲ್ಲುತ್ತಿದ್ದವರು. ಅವರಿಗೂ ತಮಗಿಂತ ದೂರ ನಿಲ್ಲಿಸಲಿಕ್ಕೆ ಒಬ್ಬರು ಇದ್ದರು.

ಸತ್ತ ಮಕ್ಕಳ ಬೆನ್ನಿಗೆ ಹುಟ್ಟಿದ ಮಗುವಿಗೆ ಕೀಳು ಅನ್ನಿಸುವ ಹೆಸರಿಡುವುದು ನಮ್ಮ ಊರಿನದ್ದು ಮಾತ್ರ ಅಲ್ಲ. ಘಟ್ಟದ ಮೇಲೆ ತಿಪ್ಪಣ್ಣ, ತಿಪ್ಪಮ್ಮ ಇದ್ದಾರೆ. ಮಗುವನ್ನು ತಿಪ್ಪೆಯಲ್ಲಿ ಮಲಗಿಸಿ ಎತ್ತಿಕೊಂಡು ಬರುವುದು. ಹುಚ್ಚಪ್ಪ, ಕಲ್ಲಪ್ಪ, ತಿರುಕಪ್ಪ, ಸುಡುಗಾಡೆಪ್ಪ ಇದ್ದಾರೆ. ತೆಲುಗಿನಲ್ಲಿ ಪೆಂಟಯ್ಯ, ಅಲ್ಲಿ ಪೆಂಟ ಅಂದರೆ ತಿಪ್ಪೆಯೇ. ತಮಿಳಿನಲ್ಲಿ ಕುಪ್ಪುಸ್ವಾಮಿ, ಕುಪ್ಪೈ ಅಂದರೆ ಕಸ. ಮರಾಠಿಯ ಭಿಕಾಜಿ ಭಿಕ್ಷೆಯಿಂದ ಬಂದದ್ದು, ಧೋಂಡೋ ಕಲ್ಲಿನಿಂದ. ವಿಧವೆಯರ ಶಿಕ್ಷಣಕ್ಕೆ ಜೀವ ತೇಯ್ದು, ನೂರು ವರ್ಷ ತುಂಬಿದಾಗ 1958ರಲ್ಲಿ ಭಾರತರತ್ನ ಪಡೆದ ಕರ್ವೆಯವರ ಹೆಸರು ಧೋಂಡೋ ಕೇಶವ ಕರ್ವೆ. ಕಲ್ಲಿನ ಹೆಸರು ಅವರಿಗೆ ಚೆನ್ನಾಗಿ ಕೆಲಸ ಮಾಡಿತು ಅನ್ನಬೇಕು. ತಮಿಳಿನ ಪಿಚ್ಚೈ ಅಂದರೆ ಭಿಕ್ಷೆ. ಗೂಗಲ್‌ನ ಮುಖ್ಯಸ್ಥರ ಹೆಸರಲ್ಲಿ ಅದು ಇಡೀ ಪ್ರಪಂಚ ಸುತ್ತುತ್ತಿದೆ.

ಇವೆಲ್ಲದರ ಹಿಂದಿನ ಯೋಚನೆ ಒಂದೇ. ಚಂದದ ಮಗುವಿನ ಮೇಲೆ ಸಾವಿಗೆ ಕಣ್ಣು. ಬೇಡದ ಮಗು ಅಂತ ತೋರಿಸಿದರೆ ಸಾವೂ ಮೂಗು ಮುರಿದು ಮುಂದೆ ಹೋಗುತ್ತದೆ. ನಮ್ಮ ಪೂರ್ವಜರ ಲೆಕ್ಕದಲ್ಲಿ ಸಾವು ಸ್ವಲ್ಪ ಪೆದ್ದು, ಮೇಲಾಗಿ ಜಾತಿ ಗೀತಿ ನೋಡುವ ಪೈಕಿ.

ಆದರೆ ಕೊರಗಪ್ಪ ಈ ಸಾಲಿನಲ್ಲಿ ಸರಿಯಾಗಿ ಕೂರುವುದಿಲ್ಲ. ಇದು ನನಗೆ ಹೊಳೆದದ್ದು ಈಚೆಗೆ. ತಿಪ್ಪೆಗೆ, ಕಲ್ಲಿಗೆ, ಕಸಕ್ಕೆ ತನ್ನ ಹೆಸರನ್ನು ಯಾರು ಯಾಕೆ ತಕೊಂಡರು ಅಂತ ಗೊತ್ತಾಗುವುದಿಲ್ಲ. ಕೊರಗರು ಮನುಷ್ಯರು. ಬೂರು, ಅಂದರೆ ಕಾಡುಬಳ್ಳಿ ಎಳೆದು ಬುಟ್ಟಿ ಹೆಣೆಯುವವರು, ಡೋಲು ಬಾರಿಸುವವರು, ನಮ್ಮ ಗದ್ದೆಯ ಪಕ್ಕದಲ್ಲೇ ಇದ್ದವರು. ಮಗುವಿಗೆ ಅವರ ಹೆಸರಿಟ್ಟಾಗ ಏನು ಹೇಳಿದ ಹಾಗಾಯಿತು? ಇವರಷ್ಟು ಕೀಳು ಸಾವಿಗೂ ಬೇಡ ಅಂತ. ಆ ಹೆಂಗಸು ಅಂಗಳದ ಆಚೆ ನಿಂತು ಇದನ್ನೆಲ್ಲ ಕೇಳುತ್ತಿದ್ದಳು. ಅವಳಿಗೆ ತುಳು ಬರುತ್ತಿತ್ತು.

ಘಟ್ಟದ ಮೇಲಿನ ಒಬ್ಬರು ಬ್ಯಾಂಕ್ ಮ್ಯಾನೇಜರ್ ಒಮ್ಮೆ ಅಪ್ಪನ ಅರ್ಜಿ ನೋಡಿ ತಮಾಷೆ ಮಾಡಿದ್ದರಂತೆ. ‘ಕೊರಗಪ್ಪ? ಯಾಕ್ರೀ ಕೊರಗೋದು, ಲೋನ್ ಕೊಡ್ತೀವಿ!’ ಕನ್ನಡದ ಕೊರಗಿಗೂ ಈ ಕೊರಗನಿಗೂ ನಂಟು ಕಟ್ಟುವುದು ಸುಲಭ. ಅಪ್ಪ ನಕ್ಕು ಸುಮ್ಮನಾದರಂತೆ. ಬಿಡಿಸಿ ಹೇಳಲಿಕ್ಕೆ ಹೋಗಿದ್ದರೆ ಮಧ್ಯಾಹ್ನ ಆಗುತ್ತಿತ್ತು.

ಹೆಸರಿನ ಕಥೆ ಇದೊಂದೇ ಆಗಿದ್ದರೆ ಹಳೆಯ ಕಾಲದ ನಂಬಿಕೆ ಅಂತ ಬಿಡಬಹುದಿತ್ತೋ ಏನೋ. ಆದರೆ ಅದೇ ತರ್ಕ ಬೇರೆ ಕಡೆಯೂ ಇತ್ತು. ಅಜಲು ಅಂತ ಅದರ ಹೆಸರು. ಅನ್ನದಲ್ಲಿ ಕೂದಲು, ಉಗುರು ಸೇರಿಸಿ ಕೊರಗರಿಗೆ ತಿನ್ನಲು ಕೊಡುವುದು, ಮನೆಯವರ ದೋಷ, ಕಾಯಿಲೆ ಅವರಿಗೆ ಹೋಗಲಿ ಅಂತ. ಕಂಬಳದ ಗದ್ದೆಯಲ್ಲಿ ಕೋಣಗಳಿಗಿಂತ ಮೊದಲು ಅವರನ್ನು ಓಡಿಸುವುದು. ಕೂಲಿ ಇಲ್ಲದೆ ಡೋಲು ಬಾರಿಸಲು ಕರೆಸುವುದು. ಇದನ್ನು ನಿಲ್ಲಿಸಲಿಕ್ಕೆ ಒಂದು ಪ್ರತ್ಯೇಕ ಕಾನೂನೇ ಬೇಕಾಯಿತು. ಕೊರಗರ ಅಜಲು ಪದ್ಧತಿ ನಿಷೇಧ ಕಾಯ್ದೆ. ಯಾವ ವರ್ಷ ಗೊತ್ತಾ? 2000. ನಾನು ಆಗ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದೆ. ಅಜ್ಜ ಮನೆಯ ಚಾವಡಿಯಲ್ಲಿ ಆರಾಮ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಆ ಸುದ್ದಿಯನ್ನೂ ಓದಿರಬೇಕು. ಏನೂ ಹೇಳಿದ್ದು ನನಗೆ ನೆನಪಿಲ್ಲ.

2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಕೊರಗರ ಸಂಖ್ಯೆ 15,000ಕ್ಕಿಂತಲೂ ಕಡಿಮೆ. ಒಂದು ಕಾಲದಲ್ಲಿ ಕರಾವಳಿಯ ಮನೆಮನೆಗಳಲ್ಲಿ ಅವರ ಹೆಸರಿನ ಮಕ್ಕಳು ಆಡುತ್ತಿದ್ದರು.

ಮನೆಮನೆ ಅಂದದ್ದು ಬಾಯಿಗೆ ಬಂದ ಹಾಗೆ ಅಲ್ಲ. ಈ ಹೆಸರಿಗೆ ಜಾತಿಯ ಬೇಲಿ ಇರಲಿಲ್ಲ. ಕೊರಗ ಶೆಟ್ಟಿ, ಕೊರಗಪ್ಪ ಪೂಜಾರಿ, ಕೊರಗಪ್ಪ ಗೌಡ, ಕೊರಗಪ್ಪ ರೈ, ಎಲ್ಲ ಇದ್ದರು. ಹಳೆಯ ಯಕ್ಷಗಾನ ಪ್ರಿಯರನ್ನು ಕೇಳಿ ನೋಡಿ, ಕಟೀಲು ಮೇಳ ಅಂದ ಕೂಡಲೇ ಕಲ್ಲಾಡಿ ಕೊರಗ ಶೆಟ್ಟರ ಹೆಸರು ಬರುತ್ತದೆ. ಮೇಳ ನಡೆಸಿದವರು. ಕೊರಗ ಶೆಟ್ಟರ ನಂತರ ಕಲ್ಲಾಡಿ ವಿಠಲ ಶೆಟ್ಟರು, ಅವರ ನಂತರ ದೇವೀಪ್ರಸಾದ ಶೆಟ್ಟರು. ಕೊರಗ, ವಿಠಲ, ದೇವೀಪ್ರಸಾದ. ಒಂದೇ ಮನೆತನದ ಮೂರು ಹೆಸರಿನಲ್ಲಿ ನಮ್ಮ ಜಿಲ್ಲೆಯ ನೂರು ವರ್ಷದ ಹೆಸರಿನ ಚರಿತ್ರೆ ಬಂದುಬಿಡುತ್ತದೆ.

ಆ ಕಾಲದ ಹೆಸರುಗಳನ್ನು ಒಂದೊಂದಾಗಿ ಹೇಳಿದರೆ ಬಾಯಿಗೆ ರುಚಿ. ದೂಮಪ್ಪ, ಮುಂಡಪ್ಪ, ಸಂಕಪ್ಪ, ಕಾಂತಪ್ಪ, ತ್ಯಾಂಪಣ್ಣ, ಜಾರಪ್ಪ, ದೇಜು, ನೇಮು, ಸೇಸಿ, ಪದ್ದು, ದೇಯಿ. ವಾರದ ಹೆಸರಿನವರು ಬೇರೆ. ಭಾನುವಾರ ಹುಟ್ಟಿದರೆ ಐತ, ಸೋಮವಾರ ಚೋಮ, ಮಂಗಳವಾರ ಅಂಗಾರ, ಬುಧವಾರ ಬೂದ, ಆಮೇಲೆ ಗುರುವ, ತುಕ್ರ, ತನಿಯ. ಶುಕ್ರ ತುಕ್ರ ಆದದ್ದು ಯಾಕೆ ಅಂದರೆ, ತುಳುವಿನಲ್ಲಿ ಕೆಲವರ ಬಾಯಲ್ಲಿ ಸ ಇರುವ ಕಡೆ ಇನ್ನು ಕೆಲವರ ಬಾಯಲ್ಲಿ ತ. ‘ನೋಡಿದೆ’ ಅನ್ನಲಿಕ್ಕೆ ಕೆಲವರು ಸೂಯೆ ಅಂದರೆ ಕೆಲವರು ತೂಯೆ. ಹೆಚ್ಚಾಗಿ ದುಡಿಯುವ ಜನರಿಗೆ ಈ ವಾರದ ಹೆಸರುಗಳು. ದೇವರ ಹೆಸರಿಡುವ ಧೈರ್ಯ ಇರಲಿಲ್ಲ, ಇಟ್ಟರೆ ಧಣಿಗಳು ಬಿಡುತ್ತಲೂ ಇರಲಿಲ್ಲ. ಪಂಚಾಂಗ ಕೇಳುವುದು ಬೇಡ, ದಿನ ಯಾವುದು ಅಂತ ಗೊತ್ತಿದ್ದರೆ ಸಾಕು. ಸುಳ್ಯದಿಂದ 1994ರಿಂದ ಸತತ ಆರು ಸಲ ಗೆದ್ದು, 2021ರಲ್ಲಿ ಮಂತ್ರಿಯೂ ಆದ ಎಸ್. ಅಂಗಾರ ಅವರ ಹೆಸರು ಪೇಪರಿನಲ್ಲಿ ಕಂಡಾಗಲೆಲ್ಲ ನನಗೆ ಖುಷಿ ಆಗುತ್ತಿತ್ತು. ರಾಜಕೀಯ ಬೇರೆ ಮಾತು. ಆ ಹೆಸರನ್ನು ಅವರು ಬದಲಿಸಲಿಲ್ಲವಲ್ಲ ಅಂತ.

ನನ್ನ ಅಜ್ಜ ಬದಲಿಸಿದರು. ಅಥವಾ ಬೊಂಬಾಯಿ ಬದಲಿಸಿತು.

ಹದಿನಾಲ್ಕನೇ ವಯಸ್ಸಿಗೆ ಅಜ್ಜ ಬೊಂಬಾಯಿಗೆ ಹೋದವರು. ಮೊದಲು ಹೋಟೆಲಿನಲ್ಲಿ ಕಪ್ ತೊಳೆಯುವುದು, ಆಮೇಲೆ ಟೇಬಲ್ ಒರೆಸುವುದು, ಆಮೇಲೆ ಸಪ್ಲೈ. ಬೊಂಬಾಯಿಯಲ್ಲಿ ಆಗ ಊರಿನ ಹುಡುಗರಿಗೆ ಕನ್ನಡದ ರಾತ್ರಿ ಶಾಲೆಗಳಿದ್ದವು. ಹಗಲು ಹೋಟೆಲು, ರಾತ್ರಿ ಶಾಲೆ. ಅಲ್ಲಿ ಹೆಸರು ಬರೆಸುವಾಗ ಮೇಷ್ಟ್ರು ಕೇಳಿದರಂತೆ. ಅಜ್ಜ ಹೇಳಿದರು. ಮೇಷ್ಟ್ರು ಊರಿನವರೇ, ಅವರಿಗೆ ಬಿಡಿಸಿ ಹೇಳುವುದು ಬೇಕಿರಲಿಲ್ಲ. ಪೆನ್ನು ಎತ್ತಿ ಒಂದು ಗಳಿಗೆ ನಿಂತು, ‘ಕೇಶವ ಅಂತ ಬರೆಯುತ್ತೇನೆ ಮಗಾ. ಇನಿಷಿಯಲ್ ಬದಲಾಗುವುದಿಲ್ಲ’ ಅಂದರಂತೆ.

ಇನಿಷಿಯಲ್ ಬದಲಾಗುವುದಿಲ್ಲ. ಮೇಷ್ಟ್ರು ಎಷ್ಟು ದೂರ ಯೋಚನೆ ಮಾಡಿದ್ದರು ನೋಡಿ. ಅಜ್ಜನ ಕಬ್ಬಿಣದ ಟ್ರಂಕು ಈಗಲೂ ನಮ್ಮ ಅಟ್ಟದಲ್ಲಿ ಉಂಟು. ಮುಚ್ಚಳದ ಮೇಲೆ ಬಿಳಿ ಪೈಂಟಿನಲ್ಲಿ ‘ಕೆ’ ಅನ್ನುವ ಒಂದೇ ಅಕ್ಷರ, ಪಕ್ಕದಲ್ಲಿ ಶಿರ್ವ. ಬೊಂಬಾಯಿಯ ಬದಿಯವರು ಓದಿದರೆ ಕೇಶವ. ಊರಿನ ಬದಿಯವರು ಓದಿದರೆ ಕೊರಗಪ್ಪ. ಒಂದೇ ಟ್ರಂಕು ಎರಡೂ ಕಡೆ ನಡೆಯಿತು.

ಊರಿಗೆ ವಾಪಸು ಬಂದದ್ದು 1968ರಲ್ಲಿ, ದಮ್ಮು ಶುರುವಾದ ಮೇಲೆ. ಆರು ವರ್ಷದಲ್ಲಿ ಭೂಸುಧಾರಣೆ ಬಂತು. 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿ ಹೋಯಿತು, ಉಳುವವನೇ ಹೊಲದೊಡೆಯ. ನಮ್ಮ ಕಡೆ ಇದಕ್ಕೆ ಈಗಲೂ ಡಿಕ್ಲರೇಶನ್ ಅಂತಲೇ ಹೇಳುವುದು. ‘ಅದು ಡಿಕ್ಲರೇಶನಿನಲ್ಲಿ ಸಿಕ್ಕಿದ ಜಾಗ’ ಅಂತ. ಅಜ್ಜ ಏಳನೇ ನಂಬ್ರ ಫಾರಂ ತುಂಬಿಸಲಿಕ್ಕೆ ಹೋದರು. ಗೇಣಿ ಚೀಟಿಗಳೆಲ್ಲ ಕೊರಗಪ್ಪನ ಹೆಸರಿನಲ್ಲಿ. ಧಣಿಗಳಿಗೆ ಕೇಶವ ಯಾರು ಅಂತಲೇ ಗೊತ್ತಿಲ್ಲ. ಹಾಗಾಗಿ ಭೂನ್ಯಾಯ ಮಂಡಳಿಯ ಮುಂದೆ ನಿಂತದ್ದು ಕೊರಗಪ್ಪ. ಜಾಗ ಸಿಕ್ಕಿದ್ದೂ ಕೊರಗಪ್ಪನಿಗೆ. ನೈಟ್ ಸ್ಕೂಲಿನ ಸರ್ಟಿಫಿಕೇಟು, ಪೋಸ್ಟಾಫೀಸಿನ ಪುಸ್ತಕ, ಮದುವೆಯ ಕಾಗದ, ಎಲ್ಲದರಲ್ಲೂ ಕೇಶವ. ಸ್ವಂತ ಮಣ್ಣು ಮಾತ್ರ ಆ ಹಳೆಯ ಹೆಸರಿಗೆ.

ಅಪ್ಪ ಶಾಲೆಗೆ ಹೋಗುವಾಗ ಯಾರೋ ಅವರಿಗೆ ‘ಕೊರಗಪ್ಪನ ಮಗ’ ಅಂತ ತಮಾಷೆ ಮಾಡಿ, ಡೋಲು ಬಾರಿಸುವ ಹಾಗೆ ಬೆಂಚು ಬಡಿದಿದ್ದರಂತೆ. ಅಪ್ಪ ಅವನ ಹಲ್ಲು ಉದುರಿಸಿದರು. ಒಂದು ಹಲ್ಲು ಅಂತ ಅಪ್ಪ, ಎರಡು ಅಂತ ಮಾಮಿ. ಅಪ್ಪನ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಆ ಕ್ಲಾಸಿನಲ್ಲಿ ನಿಜವಾಗಿಯೂ ಒಬ್ಬ ಕೊರಗರ ಹುಡುಗ ಇದ್ದಿದ್ದರೆ, ಆ ಬೆಂಚು ಬಡಿತ ಕೇಳಿ ಅವನು ಯಾರ ಹಲ್ಲು ಉದುರಿಸಬೇಕಿತ್ತು? ಅಪ್ಪನನ್ನು ಕೇಳಿದೆ. ‘ಅವರೆಲ್ಲ ಶಾಲೆಗೆ ಎಲ್ಲಿ ಬರುತ್ತಿದ್ದರು’ ಅಂದರು.

ಈ ಹೆಸರು ಯಾಕೆ ನಿಂತುಹೋಯಿತು ಅಂತ ಕೇಳಿದರೆ ಹೆಚ್ಚಿನವರು ನಾಚಿಕೆಯಿಂದ ಅನ್ನುತ್ತಾರೆ. ಅದು ಉಂಟು. ಆದರೆ ನನಗೆ ಅನ್ನಿಸುವುದು, ಅದಕ್ಕಿಂತ ಮೊದಲೇ ಅದರ ಕೆಲಸ ಮುಗಿದಿತ್ತು. 1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 129 ಮಕ್ಕಳು ಒಂದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 2020ಕ್ಕೆ ಅದು 28. ನಮ್ಮ ಕರಾವಳಿಯಲ್ಲಿ ಆಸ್ಪತ್ರೆ ಹತ್ತಿರ, ರಸ್ತೆ ಸರಿ, ಹೆಂಗಸರಿಗೆ ಓದು ಬಂತು. ಬಾಣಂತಿಯರು ಲೇಡಿಗೋಶನ್‌ಗೆ, ಮಣಿಪಾಲಕ್ಕೆ ಹೋಗತೊಡಗಿದರು. ಮಗುವಿಗೆ ಸೂಜಿ ಹಾಕಿಸಿದರೆ ಆಯಿತು, ಸಾವನ್ನು ಏಮಾರಿಸಲಿಕ್ಕೆ ಹೆಸರು ಬೇಡ.

ನಮ್ಮ ಅಪ್ಪಂದಿರ ಕಾಲಕ್ಕೆ ವಾಸುದೇವ, ದಿನಕರ, ಪುರಂದರ, ಜಯಂತ ಬಂದರು. ನನ್ನ ಕ್ಲಾಸಿನಲ್ಲಿ ಮೂವರು ಸಂತೋಷ್, ಇಬ್ಬರು ಹರೀಶ್, ಒಬ್ಬ ಲೋಹಿತ್. ನನ್ನ ತಮ್ಮನ ಕ್ಲಾಸಿಗೆ ಬರುವಾಗ ರಕ್ಷಿತ್, ದೀಕ್ಷಿತ್, ಅಂಕಿತ್, ನಿಶಿತ್. ಹಾಜರಿ ಕರೆದರೆ ಗಡಿಯಾರ ಟಿಕ್ ಟಿಕ್ ಅಂದ ಹಾಗೆ.

ಕಳೆದ ವರ್ಷ ಅಕ್ಕನಿಗೆ ಮಗು ಆಯಿತು. ಮಂಗಳೂರಿನಲ್ಲಿ, ಬಿಜೈಯ ಫ್ಲ್ಯಾಟಿನಲ್ಲಿ ತೊಟ್ಟಿಲು ಹಾಕುವುದು. ಹೆಸರು ಮೊದಲೇ ಮೊಬೈಲಿನಲ್ಲಿ ಹುಡುಕಿ ಇಟ್ಟಿದ್ದರು. ರಿಯಾಂಶ್. ಮಾಮಿ ಮೂರು ಸಲ ಹೇಳಿಸಿಕೊಂಡರು. ‘ಅದಕ್ಕೆ ಎಂತ ಅರ್ಥ?’ ಭಾವ ಮೊಬೈಲ್ ನೋಡಿ ಓದಿದರು, ‘ಸೂರ್ಯನ ಮೊದಲ ಕಿರಣ. ಇನ್ನೊಂದು ಕಡೆ ವಿಷ್ಣುವಿನ ಅಂಶ ಅಂತ ಉಂಟು.’ ಅಂಶ ಅಂದರೆ ಗೊತ್ತು. ರಿಯ ಅನ್ನುವುದು ನನ್ನ ಹತ್ತಿರ ಇರುವ ಯಾವ ನಿಘಂಟಿನಲ್ಲೂ ಸಿಗಲಿಲ್ಲ. ಇರಲಿ, ಕರೆಯಲಿಕ್ಕೆ ಚಂದ ಉಂಟು. ಮಗು ಕರೆದರೆ ನಗುತ್ತದೆ.

ಜನನ ಪತ್ರಕ್ಕೆ ಹೆಸರು ಸೇರಿಸಲಿಕ್ಕೆ ಒಂದು ವರ್ಷ ಟೈಮ್ ಉಂಟು, ಫೀಸ್ ಇಲ್ಲದೆ. ಲೇಟ್ ಫೀ ಕಟ್ಟಿದರೆ ಹದಿನೈದು ವರ್ಷದವರೆಗೂ ಆಗುತ್ತದೆ. ನಾನು ಇದನ್ನು ಹೇಳಿದಾಗ ಅಕ್ಕ ನನ್ನನ್ನು ದುರುಗುಟ್ಟಿ ನೋಡಿದಳು.

ಊಟ ಆಗಿ ಕೆಳಗೆ ಬಂದೆವು. ಭಾವನ ಹೊಸ ಕಾರು. ಹಿಂದಿನ ಗಾಜಿನ ಉದ್ದಕ್ಕೂ ದೊಡ್ಡ ಅಕ್ಷರದಲ್ಲಿ ‘ಸ್ವಾಮಿ ಕೊರಗಜ್ಜ’. ನಮ್ಮ ತುಳುನಾಡಿನ ದೈವ. ತಲೆಗೆ ಮುಟ್ಟಾಳೆ, ಅಂದರೆ ಹಾಳೆಯ ಟೊಪ್ಪಿ, ಕೈಯಲ್ಲಿ ಕೋಲು ಹಿಡಿದ ಚಿತ್ರ. ಪಕ್ಕದ ಸ್ಕೂಟರಿನಲ್ಲೂ ಅದೇ. ಗೇಟಿನ ಹೊರಗೆ ನಿಂತ ಆಟೋದಲ್ಲೂ ಅದೇ. ಮಂಗಳೂರಿನಲ್ಲಿ ಒಂದು ಸಿಗ್ನಲ್‌ನಲ್ಲಿ ನಿಂತು ಎಣಿಸಿ ನೋಡಿ, ನಿಮ್ಮ ಎದುರು ನಾಲ್ಕೈದು ಕೊರಗಜ್ಜ ಸಿಗದಿದ್ದರೆ ಕೇಳಿ. ವಸ್ತು ಕಳೆದರೆ ಹರಕೆ, ಕೆಲಸ ಸಿಗದಿದ್ದರೆ ಹರಕೆ, ವೀಸಾಕ್ಕೂ ಹರಕೆ. ಚಕ್ಕುಲಿ, ವೀಳ್ಯ, ಶೇಂದಿ. ಮಂಗಳೂರಿನ ಹತ್ತಿರ ಕೊರಗಜ್ಜನ ಕ್ಷೇತ್ರ ಇರುವ ಕುತ್ತಾರಿಗೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ.

ಈ ಕೊರಗಜ್ಜನ ಹೆಸರು ತನಿಯ. ಶನಿವಾರದ ಹೆಸರು. ಪಾಡ್ದನದಲ್ಲಿ, ಅಂದರೆ ದೈವದ ಕಥೆ ಹೇಳುವ ತುಳು ಹಾಡಿನಲ್ಲಿ ಇರುವ ಪ್ರಕಾರ ಕೊರಗರ ಮನೆಯಲ್ಲಿ ಹುಟ್ಟಿ, ಹಸುಳೆಯಾಗಿರುವಾಗಲೇ ತಬ್ಬಲಿಯಾದ ಹುಡುಗ. ಶೇಂದಿ ಮಾರುವ ಮೈರಕ್ಕೆ ಬೈದೆದಿ ಅವನನ್ನು ಕರೆತಂದು ಸಾಕಿದಳು. ಅವಳು ದೈವಸ್ಥಾನಕ್ಕೆ ಕಳಿಸಬೇಕಾದ ಏಳು ಆಳಿನ ಹೊರೆಯನ್ನು ಒಬ್ಬನೇ ಹೊತ್ತುಕೊಂಡು ಹೋದ. ಹೊರೆ ಒಳಗೆ ಹೋಯಿತು, ಹೊತ್ತವನನ್ನು ಹೊರಗೆ ನಿಲ್ಲಿಸಿದರು. ಅಲ್ಲೇ ಮಾಯವಾದ, ದೈವವಾದ. ಇಲ್ಲಿ ಒಬ್ಬ ಬೇರೆ ಜಾತಿಯ ಹೆಂಗಸು ಕೊರಗರ ಮಗುವನ್ನು ಎತ್ತಿಕೊಂಡಳು. ನಮ್ಮ ಅಂಗಳದಲ್ಲಿ ಕೊರಗರ ಹೆಂಗಸು ಬೇರೆ ಜಾತಿಯ ಮಗುವನ್ನು ಎತ್ತಿಕೊಂಡಳು. ಒಂದು ಪಾಡ್ದನ ಆಯಿತು. ಇನ್ನೊಂದಕ್ಕೆ ನೀರು ಚಿಮುಕಿಸಿದರು.

‘ಮಗುವಿಗೆ ಕೊರಗಪ್ಪ ಅಂತ ಇಡಬಹುದಿತ್ತು’ ಅಂತ ನಾನು ಭಾವನಿಗೆ ಸ್ಟಿಕ್ಕರ್ ತೋರಿಸಿ ತಮಾಷೆ ಮಾಡಿದೆ. ಭಾವ ನಗಲಿಲ್ಲ. ‘ಅದು ದೈವ ಮಾರಾಯ. ಮಗುವಿಗೆ ಯಾರಾದ್ರೂ ಹಾಗೆ ಹೆಸರಿಡ್ತಾರಾ?’

ಆವತ್ತು ವಾಪಸು ಬರುವಾಗ ಕಾರಿನಲ್ಲಿ ಮಾಮಿಯನ್ನು ಕೇಳಿದೆ, ‘ಆ ಹೆಂಗಸಿನ ಹೆಸರೆಂತ ಮಾಮಿ?’

‘ಯಾವ ಹೆಂಗಸು?’

‘ಅಜ್ಜನಿಗೆ ಹೆಸರಿಟ್ಟವಳು.’

ಪಡುಬಿದ್ರಿ ದಾಟುವವರೆಗೆ ಮಾಮಿ ಯೋಚನೆ ಮಾಡಿದರು. ಎಣ್ಣೆ ನೆನಪಿದೆ, ಬಳೆ ನೆನಪಿದೆ, ಒಂದು ಸೇರು ಅಕ್ಕಿ ನೆನಪಿದೆ. ಆ ಅಕ್ಕಿ ಕಜೆ ಅಕ್ಕಿ ಅಂತಲೂ ನೆನಪಿದೆ. ಹೆಸರು ಮಾತ್ರ ಇಲ್ಲ. ‘ಅವರನ್ನೆಲ್ಲ ಹೆಸರು ಹಿಡಿದು ಯಾರು ಕರೆಯುತ್ತಿದ್ದರು? ಕೊರಪೊಳು ಅಂತಲೇ ಹೇಳುವುದು’ ಅಂದರು ಕೊನೆಗೆ.

ಪೌತಿ ಖಾತೆಯ ಕೆಲಸ ಮುಗಿದ ದಿನ ಬುಧವಾರ. ಆದಿಉಡುಪಿಯಲ್ಲಿ ಸಂತೆ. ಬಿಸಿಲಲ್ಲಿ ಒಂದು ಬದಿಗೆ ಬುಟ್ಟಿ ಹರಡಿಕೊಂಡು ಒಬ್ಬರು ಅಜ್ಜಿ ಕೂತಿದ್ದರು. ಬೂರಿನಲ್ಲಿ ಹೆಣೆದ ಕುಡುಪು ಎತ್ತಿ ನೋಡಿದೆ. ಗಂಜಿ ಬಸಿಯುವ ಬುಟ್ಟಿ. ಕುಕ್ಕರ್ ಬಂದ ಮೇಲೆ ತಕೊಳ್ಳುವವರು ಕಡಿಮೆ. ಒಂದು ಕಡೆಯೂ ಗಂಟು ಕಾಣುವುದಿಲ್ಲ, ಬಳ್ಳಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು ಅಂತ ಹುಡುಕಿದರೂ ಸಿಗುವುದಿಲ್ಲ. ‘ತಕೊಳ್ಳಿ ಅಣ್ಣೆರೆ’ ಅಂದರು. ನನಗಿಂತ ಮೂವತ್ತು ವರ್ಷ ದೊಡ್ಡವರು, ಅಣ್ಣೆರೆ ಅಂದರು.

ಮಾತಿಗೆ ಮಾತು ಬಂತು. ನನ್ನ ಅಜ್ಜನ ಹೆಸರು ಕೊರಗಪ್ಪ ಅಂತ ಹೇಳಿದೆ. ಯಾಕೆ ಹೇಳಿದೆ ಅಂತ ನನಗೂ ಸರಿಯಾಗಿ ಗೊತ್ತಿಲ್ಲ. ಏನೋ ಒಂದು ಸಾಲ ತೀರಿಸುವವನ ಹಾಗೆ ಹೇಳಿರಬೇಕು. ಅಜ್ಜಿಗೆ ಆಶ್ಚರ್ಯ ಆಗಲಿಲ್ಲ. ‘ಹಾಂ, ಮೊದಲು ಸುಮಾರು ಜನ ಇದ್ರು’ ಅಂದರು.

‘ನಿಮ್ಮಲ್ಲಿ ಈಗ ಆ ಹೆಸರು ಇಡ್ತಾರಾ ಅಜ್ಜಿ?’

ಅವರು ಈ ಸಲ ನಕ್ಕರು. ಎದುರಿನ ಎರಡು ಹಲ್ಲು ಇರಲಿಲ್ಲ.

‘ನಮ್ಮ ಮಕ್ಕಳಿಗೆ ನಾವ್ಯಾಕೆ ಆ ಹೆಸರು ಇಡುವುದು ಅಣ್ಣೆರೆ? ಅದು ನಿಮ್ಮ ಮಕ್ಕಳ ಹೆಸರು.’

ಅವರ ಮೊಮ್ಮಗಳು ಪಿಯುಸಿ ಓದುತ್ತಿದ್ದಾಳಂತೆ. ಹೆಸರು ಶ್ರಾವ್ಯ. ಅವರ ಸ್ವಂತ ಹೆಸರು ಕೇಳಿದೆ. ತುಕ್ರು, ಆಧಾರ್ ಕಾರ್ಡಿನಲ್ಲಿ ಸುಕನ್ಯಾ ಅಂತ ಯಾರೋ ಬರೆದಿದ್ದಾರೆ ಅಂದರು. ಕುಡುಪಿಗೆ ಇನ್ನೂರೈವತ್ತು ಹೇಳಿದರು. ನಾನು ಮುನ್ನೂರು ಕೊಟ್ಟೆ. ಸೊಂಟದ ಚೀಲ ಬಿಚ್ಚಿ ಐವತ್ತು ಹುಡುಕಿ ವಾಪಸು ಕೊಟ್ಟರು.

ಕುಡುಪು ಈಗ ಬಿಜೈಯ ಫ್ಲ್ಯಾಟಿನಲ್ಲಿ ಉಂಟು. ತುಂಬ ಚಂದ ಉಂಟು ಅಂತ ಅಕ್ಕ ನನ್ನ ಕೈಯಿಂದ ಕಿತ್ತುಕೊಂಡಳು. ರಿಯಾಂಶನ ಡೈಪರ್ ಎಲ್ಲ ಅದರಲ್ಲೇ ಇಡುವುದು.